‘ಎಲ್.627’ ಚಿತ್ರವನ್ನು ಕತ್ತರಿಸಿ ತೋರಿಸಬಹುದೇ?

ಬೆರ್ತ್ರಾಂ ತವೆರ್ನಿಯೇ 1992ರಲ್ಲಿ ನಿರ್ದೇಶಿಸಿದ ಈ ಚಿತ್ರವನ್ನು ಎರಡು ಗಂಟೆ ಇಪ್ಪತ್ತೈದು ನಿಮಿಷ ಯಾರು ಕೂತು ನೋಡುತ್ತಾರೆ, ಕಚೇರಿಯ ದೃಶ್ಯಗಳನ್ನು ಹಾರಿಸಿದರೆ ಹೇಗೆ ಎಂದು ನೀವು ಕೇಳುತ್ತಿದ್ದೀರಿ. ನಾನು ಯಾರನ್ನೂ ಕೇಳದೆ ಹಾರಿಸಿಯೇಬಿಟ್ಟವನು.

ನಮ್ಮೂರಿನ ಚಿತ್ರ ಸಮಾಜದಲ್ಲಿ ಪ್ರದರ್ಶನದ ಹೊಣೆ ನನ್ನದಾಗಿತ್ತು. ಪ್ಯಾರಿಸ್ಸಿನ ಮಾದಕದ್ರವ್ಯ ನಿಗ್ರಹ ದಳದ ಕಥೆಯೆಂದು ಭಿತ್ತಿಪತ್ರದಲ್ಲಿ ‘ರೋಚಕ ಥ್ರಿಲ್ಲರ್’ ಎಂದು ಬರೆಸಿದ್ದೆ. ಆ ಮಾತು ಉಳಿಸಿಕೊಳ್ಳಲು ಹೊಂಚು ಹಾಕುವ, ದಾಳಿ ಮಾಡುವ ಭಾಗಗಳನ್ನಷ್ಟೇ ಇಟ್ಟುಕೊಂಡು, ಪೊಲೀಸರು ಶೆಡ್ಡಿನಂಥ ತಾತ್ಕಾಲಿಕ ಕಚೇರಿಯಲ್ಲಿ ವರದಿ ಟೈಪು ಮಾಡುವ, ಸಲಕರಣೆಗಳಿಲ್ಲದೆ ಪರದಾಡುವ, ಪರಸ್ಪರ ಗೇಲಿ ಮಾಡಿಕೊಳ್ಳುವ ದೃಶ್ಯಗಳನ್ನು ರಿಮೋಟು ಹಿಡಿದು ದಾಟಿಸುತ್ತ ಹೋದೆ.

ಕೆಟ್ಟದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು. ಚಿತ್ರದ ಆರಂಭದಲ್ಲಿ ಲುಲು ಎಂಬ ಪತ್ತೇದಾರ ವ್ಯಾನಿನೊಳಗೆ ಅಡಗಿ ಕಾಯುತ್ತಿರುತ್ತಾನೆ. ಕಾವಲನ್ನು ಅರ್ಧಕ್ಕೇ ನಿಲ್ಲಿಸುವಂತೆ ಮೇಲಧಿಕಾರಿ ಹೇಳುತ್ತಾನೆ. ಲುಲು ಅವನನ್ನು ಬೈದು, ಠಾಣೆಯ ಮೇಜಿಗೆ ಎತ್ತಂಗಡಿಯಾಗುತ್ತಾನೆ. ಆ ಮೇಜಿನ ಭಾಗವನ್ನು ನಾನು ಹಾರಿಸಿದ್ದರಿಂದ, ಈತ ಇನ್ನೊಂದು ದಳಕ್ಕೆ ಬಂದದ್ದೇಕೆಂದು ಯಾರಿಗೂ ತಿಳಿಯಲಿಲ್ಲ. ಬಂಧನಗಳ ಲೆಕ್ಕ ತುಂಬಿದರೆ ಸಾಕೆನ್ನುವ ವ್ಯವಸ್ಥೆಗೂ, ಸರಕಿನ ಮೂಲ ಹಿಡಿಯಬೇಕೆನ್ನುವ ಲುಲುವಿಗೂ ನಡೆಯುವ ಜಗ್ಗಾಟವೆಲ್ಲ ಆ ಕಚೇರಿಯಲ್ಲೇ ಇದೆ. ಅದನ್ನು ತೆಗೆದರೆ ಉಳಿದ ಬಂಧನಗಳು ಒಂದೇ ಬಂಧನವನ್ನು ಮತ್ತೆ ಮತ್ತೆ ತೋರಿಸಿದಂತೆ ಕಾಣುತ್ತವೆ. ಮಾಹಿತಿ ಕೊಡುವ, ಎಚ್ಐವಿ ಸೋಂಕಿತ ಲೈಂಗಿಕ ಕಾರ್ಯಕರ್ತೆ ಸೆಸಿಲ್ ಜೊತೆಗಿನ ಮಾತುಕತೆಯನ್ನೂ ಮೊಟಕು ಮಾಡಿದ್ದೆ. ಹಾಗಾಗಿ ಅವಳಿಗಾಗಿ ಲುಲು ಪಡುವ ಕಳವಳ ಬೇರಾವುದೋ ಚಿತ್ರದಿಂದ ತಂದು ಅಂಟಿಸಿದಂತಾಯಿತು. ಮಧ್ಯಂತರದಲ್ಲಿ ಎದ್ದುಹೋದವರಲ್ಲಿ ಹೆಚ್ಚಿನವರು ಮರುವರ್ಷ ಸದಸ್ಯತ್ವ ನವೀಕರಿಸಲಿಲ್ಲ. ಚಿತ್ರಗಳ ಆಯ್ಕೆ ನನ್ನ ಕೈತಪ್ಪಿತು.

ಪ್ರೇಕ್ಷಕರಿಗೆ ತಾಳ್ಮೆಯಿಲ್ಲ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಅಂದು ಅವರು ಎದ್ದದ್ದು ನಿಧಾನಗತಿಗಲ್ಲ, ತಲೆಬುಡ ತಿಳಿಯದ್ದಕ್ಕೆ. ತವೆರ್ನಿಯೇ ಜೊತೆ ಚಿತ್ರಕಥೆ ಬರೆದ ಮಿಷೆಲ್ ಅಲೆಕ್ಸಾಂದ್ರ್ ಸ್ವತಃ ಮಾದಕದ್ರವ್ಯ ವಿಭಾಗದಲ್ಲಿ ದುಡಿದ ಪೊಲೀಸ್. ಬಾಗಿಲು ಒಡೆಯುವುದಕ್ಕಿಂತ ಆಮೇಲಿನ ಕಾಗದಪತ್ರವೇ ದೊಡ್ಡ ಕೆಲಸವೆಂದು ಬಲ್ಲವನು. ಲುಲು ಸಂಬಳ ಸಾಲದೆ ಮದುವೆಗಳ ವಿಡಿಯೊ ತೆಗೆಯುವುದನ್ನೂ ದಯವಿಟ್ಟು ಕತ್ತರಿಸಬೇಡಿ. ಲುಲು ಪಾತ್ರದ ದಿದಿಯೇ ಬೆಜಾಸ್ ಅವರ ಅಭಿನಯ ಅಲ್ಲಿ ಅರಳುತ್ತದೆ.

ಬದಲಿಗೆ ಮೊರಿಸ್ ಪಿಯಾಲಾ ಅವರ ‘ಪೊಲೀಸ್’ (1985) ತೋರಿಸಲೇ ಎಂದಿದ್ದೀರಿ. ಅದು ಒಳ್ಳೆಯ ಚಿತ್ರ, ಆದರೆ ಅದರ ಒಲವು ಹೋಗಹೋಗುತ್ತ ದೆಪಾರ್ದಿಯೂ ನಟಿಸಿದ ಪತ್ತೇದಾರನಿಗೂ ಆರೋಪಿಯಾದ ನೋರಿಯಾಳಿಗೂ ನಡುವಿನ ಸಂಬಂಧದತ್ತ ತಿರುಗುತ್ತದೆ. ಇಲಾಖೆಯ ದಿನಚರಿ ಬೇಕೆಂದವರಿಗೆ ಅದು ಪರ್ಯಾಯವಲ್ಲ.

ಪ್ರದರ್ಶನವನ್ನು ಒಂದು ಗಂಟೆ ಮುಂಚೆ ಆರಂಭಿಸಿ. ಉಳಿಯುವ ಸಮಯವನ್ನು ಚರ್ಚೆಗೆ ಇಡಿ, ಏಕೆಂದರೆ ‘ಎಲ್.627’ರಲ್ಲಿ ಬರುವ ಮಾದಕದ್ರವ್ಯ ಮಾರಾಟಗಾರರಲ್ಲಿ ಹಲವರು ಆಫ್ರಿಕಾ ಮೂಲದ ವಲಸಿಗರು. ಇದು ಜನಾಂಗದ್ವೇಷವಲ್ಲವೇ ಎಂಬ ಆಕ್ಷೇಪ ಫ್ರಾನ್ಸಿನಲ್ಲೇ ಎದ್ದಿತ್ತು, ನಿಮ್ಮಲ್ಲೂ ಯಾರಾದರೂ ಎತ್ತಿಯೇ ಎತ್ತುತ್ತಾರೆ.