ಊರ ಕಲ್ಲು ಊರಿನಲ್ಲೇ ಇರಲಿ

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಹತ್ತಿರದ ಹಳ್ಳಿಯ ಈಶ್ವರನ ಗುಡಿಯಲ್ಲಿ ಹಳೆಯ ವೀರಗಲ್ಲು ಇದೆಯೆಂದು ಕೇಳಿ ನೋಡಲು ಹೋಗಿದ್ದೆ. ಗುಡಿಯ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದಾರೆ. ಬುಡ ಮಣ್ಣಿನಲ್ಲಿ ಹೂತಿದೆ, ಮೈತುಂಬ ಸುಣ್ಣ, ಅದರ ಮೇಲೆ ಎಣ್ಣೆ, ಅರಿಸಿನ, ಕುಂಕುಮ. ಪಕ್ಕದಲ್ಲೇ ಎಮ್ಮೆ ಕಟ್ಟಿದ್ದರು. ಬೆಲೆ ತಿಳಿಯದವರ ಕೈಯಲ್ಲಿ ಇಂಥವನ್ನು ಬಿಡುವ ಬದಲು ಎಲ್ಲವನ್ನೂ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಬಾರದೇಕೆ?”

ಶಿಲ್ಪ ನೋಡಲೆಂದೇ ಹಳ್ಳಿಯ ಗುಡಿ ಹುಡುಕಿಕೊಂಡು ಹೋಗುವವರು ಅಪರೂಪ. ಅದಕ್ಕಾಗಿ ನಿಮಗೆ ನನ್ನ ನಮಸ್ಕಾರ. ಕಳ್ಳರ ಭಯ, ಮಳೆಬಿಸಿಲಿನ ಹೊಡೆತ ಎರಡೂ ನಿಜ. ದಿಕ್ಕಿಲ್ಲದೆ ಬಿದ್ದ ಮೂರ್ತಿಗಳಿಗೆ ಸಂಗ್ರಹಾಲಯ ಬೇಕು. ಅಷ್ಟನ್ನು ಒಪ್ಪಿದೆ. “ಬೆಲೆ ತಿಳಿಯದವರು” ಎಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ನಿಮ್ಮದೇ ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡಿ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಮೆರೆದ ಮಣಲೇರನಿಗೆ ಬೂತುಗ “ಬೇಕಾದ್ದು ಕೇಳು” ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಡುಹಂದಿಯೊಂದಿಗೆ ಸೆಣಸಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಕ್ರಿ.ಶ. 949–50ರ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಮುಖಾಮುಖಿಯಾಗಿ ಕಚ್ಚಾಡುತ್ತಿವೆ. ಅವುಗಳ ಸುತ್ತ ಕಾಳಗ, ದಾನ, ಶಾಪ ಎಲ್ಲವನ್ನೂ ಹಳಗನ್ನಡದಲ್ಲಿ ಕೊರೆದಿದೆ. ಮಣಲೇರ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಕೆರೆಯ ಕೆಳಗೆ ಎರಡು ಖಂಡುಗ (ಹಳೆಯ ಅಳತೆ) ಭೂಮಿ ಬಿಟ್ಟ. ಈ ಕಲ್ಲನ್ನು ಪೂಜಿಸದೆ ಉಂಡರೆ ಗುಡಿಯ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದ. ಒಂದು ನಾಯಿಯ ನೆನಪಿಗೆ ಪೂಜಾರಿ, ಹೊಲ, ಕಟ್ಟಳೆ! ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ನೆರಳಿದೆ, ಕಾವಲಿದೆ. ಮಣಲೇರ ಕೇಳಿದ್ದ ಪೂಜೆ ಇಲ್ಲ, ಆತಕೂರಿನ ಮಕ್ಕಳಿಲ್ಲ.

ಇನ್ನು ಎಣ್ಣೆ ಕುಂಕುಮದ ದೂರು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಮಾಡು 1986ರಲ್ಲಿ ಕುಸಿಯಿತು. ವಿಗ್ರಹ ಎತ್ತಿದಾಗ ಅದರ ಪೀಠವೇ ಅಶೋಕನ ಶಾಸನ! ಪೀಠಕ್ಕೆಂದು ನಡುವೆ ತೂತು ಕೊರೆದದ್ದರಿಂದ ಕೆಲವು ಅಕ್ಷರ ಹೋದವು, ನಿಜ. ಉಳಿದದ್ದನ್ನು ಕಾಪಾಡಿದ್ದು ಆ ದೇವಿಯೇ. ಪರರ ಧರ್ಮವನ್ನು ಹಳಿಯಬೇಡಿ ಎನ್ನುವ 12ನೆಯ ಶಾಸನವೂ ಅದರಲ್ಲಿದೆ.

ಮಲೆನಾಡಿನ ಹಳ್ಳಿಯೊಂದರಲ್ಲಿ ವೀರಗಲ್ಲಿಗೆ ನೀರೆರೆಯುತ್ತಿದ್ದ ಅಜ್ಜಿಯೊಬ್ಬರನ್ನು ಇದು ಯಾರೆಂದು ಕೇಳಿದ್ದೆ. “ನಮ್ಮ ವೀರಪ್ಪ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನು” ಎಂದರು. ಕೆಳಗಿನ ಹಂತದಲ್ಲಿ ಹಸುಗಳ ಹಿಂಡು, ಬಿಲ್ಲೆಳೆದ ಗಂಡಾಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನೂ ಅವನೇ. ಆ ತಾಯಿಗೆ ಓದು ಬರುತ್ತಿರಲಿಲ್ಲ. ಕಲ್ಲು ಹೇಳುವುದಷ್ಟನ್ನೂ ಬಲ್ಲವರಾಗಿದ್ದರು. ಇಂಥವರ ಕೈಯಿಂದ ಕಲ್ಲನ್ನು ಕಿತ್ತುಕೊಂಡು ಯಾರಿಗೆ ಕೊಡೋಣ ಹೇಳಿ?

ನನಗೆ ಸಿಟ್ಟು ಬರುವುದು ಎಮ್ಮೆ ಕಟ್ಟಿದವರ ಮೇಲಲ್ಲ, ಜೀರ್ಣೋದ್ಧಾರದ ಹೆಸರಿನಲ್ಲಿ ಹೊಯ್ಸಳರ ಕಾಲದ ಕಂಬಕ್ಕೆ ಎನಾಮಲ್ ಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಸಿ, ಶಾಸನದ ಮುಖವನ್ನೇ ಮೆಟ್ಟಿಲು ಮಾಡಿ, ಗೋಡೆ ತುಂಬ ದಾನಿಗಳ ಹೆಸರು ಕೆತ್ತಿಸುವವರ ಮೇಲೆ. ಅವರೆಲ್ಲ ಓದಿದವರು, ಹಣವಂತರು. ಪ್ರವಾಸದ ಬಸ್ಸನ್ನು ನೇರವಾಗಿ ನೀರಾಟದ ಪಾರ್ಕಿಗೆ ಓಡಿಸುವ ಶಾಲೆಗಳ ಮೇಲೂ ಸಿಟ್ಟಿದೆ. ಊರ ಗುಡಿಯ ಹಿಂದಿನ ಕಲ್ಲನ್ನು ಒಂದು ಬೆಳಗ್ಗೆ ಮಕ್ಕಳಿಗೆ ತೋರಿಸಲು ಯಾವ ಅನುದಾನ ಬೇಕು? ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಎಂಟನೆಯ ಶತಮಾನದ ಕಿತ್ತಯ್ಯನ ಕಲ್ಲಿಗೆ ಜನರೇ ಹಣ ಹಾಕಿ ಅಲ್ಲಿಯೇ ಮಂಟಪ ಎಬ್ಬಿಸಿದರು. ಅಷ್ಟು ದೊಡ್ಡ ನಗರದಲ್ಲಿ ಆದದ್ದು ನಿಮ್ಮ ಹಳ್ಳಿಯಲ್ಲಿ ಆಗದೇ?

ನೀವು ಇನ್ನೊಮ್ಮೆ ಹೋಗಿ. ಇಳಿಬಿಸಿಲಿನ ಹೊತ್ತಿಗೆ ಹೋದರೆ ಓರೆ ಬೆಳಕಿನಲ್ಲಿ ಸುಣ್ಣದಡಿಯ ಅಕ್ಷರವೂ ಎದ್ದು ಕಾಣುತ್ತದೆ. ಆಗ ಚಿತ್ರ ತೆಗೆಯಿರಿ. ಚಾಕುವಿನಿಂದ ಕೆರೆಯಬೇಡಿ, ಆಸಿಡ್ ಹಚ್ಚಬೇಡಿ. ಎಮ್ಮೆಯ ಯಜಮಾನರನ್ನು ಕರೆದು ಜೊತೆಯಲ್ಲಿ ಕೂರಿಸಿಕೊಂಡು, ಕಲ್ಲಿನ ಬಗ್ಗೆ ಅವರು ಏನು ಬಲ್ಲರೆಂದು ಕೇಳಿ ಬರೆದುಕೊಳ್ಳಿ. ಚಿತ್ರವನ್ನೂ ಅವರ ಮಾತನ್ನೂ ಕಳಿಸಿದರೆ ಶಾಸನ ಓದಬಲ್ಲವರಿಗೆ ತೋರಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ