ಮೊದಲು ಬಂಡೆಯ ಮುಂದೆ ಚಪ್ಪಾಳೆ ಹೊಡೆದು ನೋಡಿ

ಗುಡಿಬಂಡೆ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಆರ್ಕಿಟೆಕ್ಚರ್ ಕೊನೆಯ ವರ್ಷದ ವಿದ್ಯಾರ್ಥಿನಿ. ಊರ ಹೊರಗೆ ಅವರ ತಾತನ ಎರಡು ಎಕರೆ ಇದೆ. ಮುಕ್ಕಾಲು ಪಾಲು ಬಂಡೆ, ಉಳಿದದ್ದು ಜಾಲಿ, ನಡುವೆ ಒಂದು ಹಳೇ ಹುಣಸೆಮರ. "ಅಲ್ಲಿ ಒಂದು ಇಂಟರ್ಯಾಕ್ಟಿವ್ ಇನ್‌ಸ್ಟಲೇಶನ್ ಮಾಡಬೇಕು ಅಂತ ಆಸೆ. ಜನ ಹತ್ತಿರ ಬಂದರೆ ಸೆನ್ಸರ್ ಹಿಡಿದು ಬಣ್ಣದ ಬೆಳಕು, ಸಂಗೀತ ಬರಬೇಕು. ಕರೆಂಟಿಗೆ ಸೋಲಾರ್ ಹಾಕ್ತೀನಿ. ಶನಿವಾರ ಭಾನುವಾರ ಬೆಂಗಳೂರಿನವರು ಬರ್ತಾರೆ. ಅಪ್ಪ ಮಾತ್ರ ಬಂಡೆ ಮೇಲೆ ದುಡ್ಡು ಸುರೀಬೇಡ ಅಂತಾರೆ. ಎಲ್ಲಿಂದ ಶುರು ಮಾಡಲಿ?" ಇದು ಅವರ ಪ್ರಶ್ನೆ.

ನಿಮ್ಮ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ನಮ್ಮ ಕಡೆ ಬಂಡೆ ಅಂದರೆ ಜಲ್ಲಿ ಕ್ರಷರ್ ಅಂತಲೇ ಲೆಕ್ಕ ಆಗಿರುವ ಕಾಲದಲ್ಲಿ, ಬಂಡೆಯನ್ನು ಒಡೆಯದೆ ಅದರ ಮೇಲೆ ಏನಾದರೂ ಮಾಡಬೇಕು ಅಂತ ನಿಮಗೆ ಅನಿಸಿದೆಯಲ್ಲ, ಅದೇ ದೊಡ್ಡದು. ಆದರೆ ಸೆನ್ಸರ್ ಬೇಡ. ಬಣ್ಣದ ಬೆಳಕೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸುಮಾರು ಹತ್ತು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಮಾಲೂರು ಕಡೆ ಒಂದು ಕೆರೆಯ ಏರಿ ಕೆಳಗೆ ಬಿದಿರಿನ ಚಪ್ಪರ ಕಟ್ಟಿದ್ದೆವು. ಒಂದೊಂದು ಬೊಂಬಿಗೂ ತೂತು ಕೊರೆದಿದ್ದೆವು. ಗಾಳಿ ಬೀಸಿದರೆ ಕೊಳಲಿನ ಹಾಗೆ ಊದುತ್ತಿತ್ತು. ಆಷಾಢದಲ್ಲಿ ಕೇಳಬೇಕಿತ್ತು ನೀವು! ಎರಡು ತಿಂಗಳಾದ ಮೇಲೆ ಹೋದರೆ ಸದ್ದೇ ಇಲ್ಲ. ಮರ ಕೊರೆಯುವ ಕಪ್ಪು ದುಂಬಿಗಳು ಆ ತೂತುಗಳೊಳಗೆ ಗೂಡು ಮಾಡಿಕೊಂಡಿದ್ದವು. ಅಲ್ಲೇ ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ, "ಒಣ ಬಿದಿರು ನಿಲ್ಲಿಸಿದರೆ ದುಂಬಿ ಬಾರದೆ ಇರುತ್ತಾ? ನನ್ನ ಕೇಳಿದ್ದರೆ ಹೇಳ್ತಿದ್ದೆ" ಅಂದರು. ಜೊತೆಗೆ ಇನ್ನೊಂದು ಮಾತು. ನಾವು ಚಪ್ಪರ ಹಾಕಿದ ಜಾಗ ಮೇಕೆಗಳು ನೀರಿಗೆ ಇಳಿಯುವ ದಾರಿಯಂತೆ. ಎರಡು ತಿಂಗಳಿಂದ ಅವರು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅವತ್ತು ನನಗೆ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ. ಅಷ್ಟು ದಿನ ಅಲ್ಲಿ ಓಡಾಡಿದ್ದೆವು, ಅಳತೆ ತೆಗೆದಿದ್ದೆವು, ಆದರೆ ಆ ಜಾಗದಲ್ಲಿ ದಿನಾ ಇರುವವರನ್ನು ಒಂದು ಮಾತು ಕೇಳಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ: ಡ್ರಾಯಿಂಗ್ ಹಾಳೆ ಬಿಟ್ಟು ಮೇಕೆ ದಾರಿಯಿಂದ ಶುರು ಮಾಡಿ. ಬೆಂಗಳೂರಿನವರು ಬರುವುದು ವಾರಕ್ಕೆ ಎರಡು ದಿನ. ಉಳಿದ ಐದು ದಿನ ಅಲ್ಲಿ ಇರುವವರು ಯಾರು? ಅವರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಯಾವ ಗುಂಡುಕಲ್ಲಿನ ನೆರಳಿಗೆ ಹೋಗುತ್ತಾರೆ, ಮಳೆ ನೀರು ಬಂಡೆ ಮೇಲೆ ಯಾವ ಕಡೆ ಹರಿದು ಯಾವ ಕುಂಟೆ ಸೇರುತ್ತದೆ, ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಿಮ್ಮ ಅಪ್ಪನಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತಿರುತ್ತದೆ. ಕೇಳಿ ನೋಡಿ.

ಈಗ ಹೊರಗಿನ ಕೆಲಸಗಳ ವಿಷಯ. ಕ್ರೊಯೇಷಿಯಾದ ಜಾದರ್ ಊರಿನ ಸಮುದ್ರ ದಂಡೆಯಲ್ಲಿ ನಿಕೊಲಾ ಬಾಶಿಚ್ ಎಂಬ ಆರ್ಕಿಟೆಕ್ಟ್ 2005ರಲ್ಲಿ ಮಾಡಿದ ಸೀ ಆರ್ಗನ್ ಬಗ್ಗೆ ನೀವು ಓದಿರುತ್ತೀರಿ. ಮೆಟ್ಟಿಲುಗಳ ಕೆಳಗೆ 35 ಪೈಪುಗಳಿವೆ. ಅಲೆ ಬಂದು ಗಾಳಿ ತಳ್ಳಿದರೆ ಅವು ಹಾಡುತ್ತವೆ. ಇಂಗ್ಲೆಂಡಿನ ಬರ್ನ್‌ಲಿ ಊರಿನ ಗುಡ್ಡದ ಮೇಲೆ 2006ರಿಂದ ಉಕ್ಕಿನ ಪೈಪುಗಳ ಒಂದು ಮರವೇ ನಿಂತಿದೆ, ಸುಮಾರು 3 ಮೀಟರ್ ಎತ್ತರ, ಗಾಳಿಗೆ ಗುನುಗುತ್ತದೆ. ಎರಡೂ ಚೆಂದ. ಎರಡನ್ನೂ ಇಲ್ಲಿಗೆ ತರಬೇಡಿ. ಅಲ್ಲಿ ಅಲೆ ನಿಲ್ಲುವುದಿಲ್ಲ, ಆ ಗುಡ್ಡಕ್ಕೆ ಗಾಳಿಯ ಕೊರತೆ ಇಲ್ಲ. ನಮ್ಮಲ್ಲಿ ಜೋರು ಗಾಳಿ ಅಂದರೆ ಆಷಾಢ, ಶ್ರಾವಣ. ಉಳಿದ ತಿಂಗಳು ನಿಮ್ಮ ಪೈಪು ಸುಮ್ನೆ ನಿಂತಿರುತ್ತದೆ. ನೀರನ್ನಂತೂ ನಂಬಲೇ ಆಗುವುದಿಲ್ಲ, ನಮ್ಮ ಕೆರೆಗಳ ಕಥೆ ನಿಮಗೆ ನಾನು ಹೇಳಬೇಕಾ?

ನನಗೆ ಜಾಸ್ತಿ ಇಷ್ಟವಾದದ್ದು ಎಸ್ಟೋನಿಯಾದ ಒಂದು ಕೆಲಸ. ಅದನ್ನು ಮಾಡಿದವರು ನಿಮ್ಮಂಥ ವಿದ್ಯಾರ್ಥಿಗಳೇ. 2015ರಲ್ಲಿ ಒಂದು ಕಾಡಿನ ನಡುವೆ ಮರದ ಮೂರು ದೊಡ್ಡ ಮೆಗಾಫೋನ್ ಇಟ್ಟರು. ಒಂದೊಂದರ ಬಾಯಿ 3 ಮೀಟರ್ ಅಗಲ. ಒಳಗೆ ಕೂತರೆ ಕಾಡಿನ ಸದ್ದು ಇನ್ನೂ ಹತ್ತಿರ ಬಂದ ಹಾಗೆ ಕೇಳುತ್ತದೆ. ಸುಸ್ತಾದವರು ಒಳಗೆ ಮಲಗಲೂಬಹುದು. ಅವರು ಹೊಸ ಸದ್ದು ತಂದು ಸುರಿಯಲಿಲ್ಲ, ಅಲ್ಲಿ ಇದ್ದದ್ದಕ್ಕೆ ಕಿವಿ ಕೊಡುವ ಜಾಗ ಮಾಡಿದರು. ಮೂರೂ ಮೆಗಾಫೋನುಗಳ ದೂರ, ಕೋನ ಲೆಕ್ಕ ಹಾಕಿ ಇಟ್ಟಿದ್ದಾರೆ, ನಡುವೆ ನಿಂತರೆ ಮೂರು ಕಡೆಯ ಸದ್ದೂ ಸೇರುವ ಹಾಗೆ.

ಹಾಗಾದರೆ ನಿಮ್ಮ ಎರಡು ಎಕರೆಯಲ್ಲಿ ವರ್ಷಪೂರ್ತಿ ಇರುವುದು ಏನು? ಕಲ್ಲು ಮತ್ತು ಬಿಸಿಲು. ಇವೆರಡರ ಜೊತೆ ಕೆಲಸ ಮಾಡಿ.

ಒಂದು ಬೆಳಿಗ್ಗೆ ಬೇಗ ಹೋಗಿ, ಎದ್ದು ನಿಂತಿರುವ ದೊಡ್ಡ ಬಂಡೆಯ ಮುಂದೆ ಚಪ್ಪಾಳೆ ಹೊಡೆದು ನೋಡಿ. ಹಿಂದೆ ಹಿಂದೆ ಸರಿಯುತ್ತಾ ಹೊಡೆಯಿರಿ. ಸುಮಾರು 17 ಮೀಟರ್ ದಾಟಿದ ಮೇಲೆ ಪ್ರತಿಧ್ವನಿ ಬೇರೆಯಾಗಿ ಕೇಳಲು ಶುರುವಾಗುತ್ತದೆ. ಅದಕ್ಕಿಂತ ಹತ್ತಿರ ಇದ್ದರೆ ಎರಡು ಸದ್ದೂ ಕಿವಿಯಲ್ಲಿ ಒಂದೇ ಆಗಿಬಿಡುತ್ತವೆ. ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲಿ ಒಂದು ಚಪ್ಪಡಿ ಹಾಸಿ. ಬೋರ್ಡು ಬೇಡ. ಆ ಚಪ್ಪಡಿ ಮೇಲೆ ನಿಂತ ಮಕ್ಕಳು ತಾವೇ ಕೂಗುತ್ತಾರೆ, ಬಂಡೆ ಉತ್ತರ ಕೊಡುತ್ತದೆ. ಗುಡಿಬಂಡೆ ಕೋಟೆ ಮೇಲೆ ನೋಡಿದ್ದೀರಲ್ಲ, ಹತ್ತಿದವರೆಲ್ಲ ಕೆಳಗಿನ ಬೈರಸಾಗರ ಕೆರೆಯಲ್ಲಿ ಭಾರತದ ನಕ್ಷೆ ಹುಡುಕಿ ಬೆರಳು ಮಾಡಿ ತೋರಿಸುತ್ತಾರೆ, ಗೊತ್ತಿಲ್ಲದವರನ್ನು ಪಕ್ಕ ಕರೆದು ತೋರಿಸುತ್ತಾರೆ. ನನಗೆ ಇಂಟರ್ಯಾಕ್ಟಿವ್ ಅಂದರೆ ಅದು.

ಎರಡನೆಯದು ನೆರಳು. ಇದನ್ನು ನೀವು ಖಂಡಿತ ಮಾಡಬೇಕು ಅಂತ ನನ್ನ ಆಸೆ. ಮನುಷ್ಯರೇ ಮುಳ್ಳಾಗಿ ನಿಲ್ಲುವ ನೆರಳು ಗಡಿಯಾರ. ನೆಲದ ಮೇಲೆ ಮೊಟ್ಟೆಯಾಕಾರದಲ್ಲಿ ಗಂಟೆಯ ಕಲ್ಲುಗಳು, ನಡುವೆ ಉತ್ತರ ದಕ್ಷಿಣದ ಗೆರೆ, ಗೆರೆಯ ಮೇಲೆ ತಿಂಗಳ ಗುರುತು. ಆ ತಿಂಗಳ ಗುರುತಿನ ಮೇಲೆ ನಿಂತರೆ ನಿಮ್ಮ ನೆರಳು ಬೀಳುವ ಕಡೆ ಇರುವ ಕಲ್ಲು ಗಂಟೆ ಹೇಳುತ್ತದೆ. ಆದರೆ ಯುರೋಪಿನ ಪ್ಲಾನ್ ನೋಡಿ ಹಾಗೇ ಇಳಿಸಬೇಡಿ. ಮೊಟ್ಟೆಯ ಉದ್ದ ಅಗಲದ ಲೆಕ್ಕ ಆ ಊರಿನ ಅಕ್ಷಾಂಶದ ಸೈನ್ ಮೇಲೆ, ಅಂದರೆ ಊರು ಭೂಮಧ್ಯರೇಖೆಯಿಂದ ಎಷ್ಟು ದೂರ ಅನ್ನುವುದರ ಮೇಲೆ ನಿಂತಿದೆ. ಪೂರ್ವ ಪಶ್ಚಿಮ 4 ಮೀಟರ್ ಇಟ್ಟರೆ ಲಂಡನ್‌ನಲ್ಲಿ ಉತ್ತರ ದಕ್ಷಿಣ ಸುಮಾರು 3.1 ಮೀಟರ್ ಬರುತ್ತದೆ. ಗುಡಿಬಂಡೆಯಲ್ಲಿ ಸುಮಾರು 95 ಸೆಂಟಿಮೀಟರ್ ಅಷ್ಟೇ! ನಮ್ಮದು ಹುಣಸೆಕಾಯಿ ಮಲಗಿಸಿದ ಹಾಗೆ ಕಾಣುತ್ತದೆ. ಗಡಿಯಾರಕ್ಕೆ ಹೋಲಿಸಿದರೆ ನಮ್ಮ ಸೂರ್ಯನ ಮಧ್ಯಾಹ್ನ ಸರಾಸರಿ 19 ನಿಮಿಷ ತಡ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇದರಲ್ಲಿ ನನಗೆ ರೋಮಾಂಚನ ಆಗುವ ವಿಷಯ ಇನ್ನೊಂದಿದೆ. ಏಪ್ರಿಲ್ 26 ಮತ್ತು ಆಗಸ್ಟ್ 16ರ ಆಸುಪಾಸಿನಲ್ಲಿ ಸೂರ್ಯ ನಿಮ್ಮ ಜಮೀನಿನ ನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ. ಅವತ್ತು ನಿಲ್ಲಬೇಕಾದ ಗುರುತು ಸರಿಯಾಗಿ 12 ಗಂಟೆಯ ಕಲ್ಲಿನ ಮೇಲೇ ಬರುತ್ತದೆ, ಮಧ್ಯಾಹ್ನಕ್ಕೆ ನೆರಳು ಪಾದದ ಕೆಳಗೆ ಹೋಗಿಬಿಡುತ್ತದೆ. ಜೂನ್‌ನಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ತಿರುಗಿರುತ್ತದೆ. ಲಂಡನ್ನಿನವರಿಗೆ ಇದು ಯಾವತ್ತೂ ಸಿಗದು. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆಯ ಬಿಸಿಲಿಗಾಗಿ ಜನ ಕಾಯುತ್ತಾರಲ್ಲ, ಹಾಗೆ ನಿಮ್ಮೂರಿನವರೂ ಒಂದು ದಿನ ಕಾಯಬಹುದು.

ಕಲ್ಲಿಗೆ ದೂರ ಹೋಗಬೇಡಿ. ದ್ರಾಕ್ಷಿ ಚಪ್ಪರಕ್ಕೆ ನಿಲ್ಲಿಸುವ ಕಲ್ಲು ಕೂಚ, ಮನೆಗೆ ಹಾಕುವ ಚಪ್ಪಡಿ ಸಾಕು. ಎಲ್ಲಿ ಉಳಿ ಇಟ್ಟರೆ ನೆಟ್ಟಗೆ ಸೀಳುತ್ತದೆ ಅನ್ನುವುದು ಕಲ್ಲು ಕೆಲಸದವರಿಗೆ ಸುತ್ತಿಗೆಯ ಸದ್ದಿನಲ್ಲೇ ಗೊತ್ತಾಗುತ್ತದೆ. ಅವರನ್ನು ಕೂಲಿಗೆ ಅಂತ ಕರೆಯಬೇಡಿ, ಮೊದಲ ದಿನದಿಂದ ಡಿಸೈನ್‌ಗೆ ಕೂರಿಸಿಕೊಳ್ಳಿ. ಬಂಡೆಗೆ ಡ್ರಿಲ್ ಹಾಕಬೇಡಿ, ಸಿಮೆಂಟ್ ಸುರಿಯಬೇಡಿ, ಬಣ್ಣ ಬಳಿಯಬೇಡಿ. ಕಲ್ಲು ತನ್ನ ಭಾರಕ್ಕೇ ಕೂರಬೇಕು, ನಾಳೆ ಬೇಡ ಅನಿಸಿದರೆ ಎತ್ತಿಟ್ಟರೆ ಜಾಗ ಮೊದಲಿನ ಹಾಗೇ ಇರಬೇಕು. ನೀರು ಹರಿಯುವ ದಾರಿಗೆ ಅಡ್ಡ ಏನನ್ನೂ ಇಡಬೇಡಿ.

ರಾತ್ರಿ ಬೆಳಕು ಬೇಡ ಅಂದಿದ್ದಕ್ಕೂ ಕಾರಣ ಇದೆ. ಬಂಡೆ ಸಂದಿನಲ್ಲಿ ಗೂಬೆ, ಹಲ್ಲಿ, ಹಾವು ಎಲ್ಲ ಸಂಸಾರ ಮಾಡುತ್ತಿರುತ್ತವೆ. ನಂದಿ ಬೆಟ್ಟದ ಕಡೆ ಕಾಣುವ ಹಳದಿ ಕೊರಳಿನ ಪಿಕಳಾರ ಇಂಥ ಕಲ್ಲು ಕುರುಚಲು ಕಾಡನ್ನೇ ನಂಬಿದ ಹಕ್ಕಿ, ಬೇರೆ ಕಡೆ ಬದುಕುವುದು ಕಷ್ಟ. ಜಾಲಿ ಅಂತ ಸುಮ್ನೆ ಎಲ್ಲ ಕಡಿದು ಹಾಕಬೇಡಿ, ಯಾವುದರಲ್ಲಿ ಗೂಡಿದೆ ನೋಡಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ನಿಮ್ಮ ಜಮೀನಿನ ಗಡಿ ಅರಣ್ಯಕ್ಕೆ ತಾಗಿದ್ದರೆ ಮೊದಲು ಸರ್ವೆ ಮಾಡಿಸಿ, ಅರಣ್ಯದೊಳಗೆ ಒಂದು ಕಲ್ಲೂ ಇಡುವ ಹಾಗಿಲ್ಲ. ನಂದಿಯ ಭೋಗನಂದೀಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರ ಇದ್ದರೆ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅಲ್ಲಿಂದ ಮುಂದಿನ 200 ಮೀಟರ್‌ಗೆ ಅನುಮತಿ ಬೇಕು.

ಮೊದಲ ವರ್ಷ ದುಡ್ಡು ಖರ್ಚು ಮಾಡಲೇಬೇಡಿ. ಒಂದು ಕೋಲು ನೆಟ್ಟು, ತಿಂಗಳಿಗೊಮ್ಮೆ ಅದರ ನೆರಳಿನ ತುದಿಗೆ ಒಂದೊಂದು ಕಲ್ಲು ಇಡಿ. ಅಪ್ಪನಿಗೆ ಇದನ್ನು ಹೇಳಿ, ಅವರು ಬೇಡ ಅನ್ನಲಾರರು. ಏಪ್ರಿಲ್ 26ರಂದು ಮಧ್ಯಾಹ್ನ ಹನ್ನೆರಡರೊಳಗೆ ನಾನು ನಿಮ್ಮ ಬಂಡೆ ಹತ್ತಿರ ಬರುತ್ತೇನೆ. ನೋಟ್‌ಬುಕ್ ತಂದಿರಿ, ಹುಣಸೆಮರದ ಕೆಳಗೆ ಒಂದು ಬಿಂದಿಗೆ ನೀರು ಇಟ್ಟಿರಿ. ಅವತ್ತಿನ ಸೂರ್ಯನ ಮಧ್ಯಾಹ್ನ, ಅಂದರೆ ಹನ್ನೆರಡು ಗಂಟೆ ಹದಿನೇಳು ನಿಮಿಷದ ಹೊತ್ತಿಗೆ, ಕೋಲಿನ ನೆರಳು ಎಲ್ಲಿ ಹೋಗುತ್ತದೆ ಅಂತ ಇಬ್ಬರೂ ನೋಡೋಣ.