ಹಳೇ ಮೈಕ್ರೋಸ್ಕೋಪಿನ ಐಪೀಸಿನಲ್ಲಿ ಎರಡು ಲೆನ್ಸ್ ಯಾಕೆ?

ನಿಮ್ಮ ಹಿತ್ತಾಳೆ ಮೈಕ್ರೋಸ್ಕೋಪಿನ ಐಪೀಸ್ (ಕಣ್ಣಿಟ್ಟು ನೋಡುವ ಮೇಲಿನ ಭಾಗ) ಬಿಚ್ಚಿದಾಗ ಕೆಳಗಡೆ ಇನ್ನೊಂದು ದೊಡ್ಡ ಲೆನ್ಸ್ ಸಿಕ್ಕಿತು, ಯಾರೋ ಆಮೇಲೆ ತುರುಕಿದ್ದಿರಬೇಕು, ತೆಗೆದುಬಿಡಲಾ ಅಂತ ಕೇಳಿದ್ದೀರಿ. ಬೇಡ, ಅದು ಅಲ್ಲಿಯದೇ.

ಅದರ ಹೆಸರು ಫೀಲ್ಡ್ ಲೆನ್ಸ್. ಆಬ್ಜೆಕ್ಟಿವ್, ಅಂದರೆ ನೋಡುವ ವಸ್ತುವಿನ ಹತ್ತಿರದ ಲೆನ್ಸ್, ಕೊಳವೆಯೊಳಗೆ ಒಂದು ತಲೆಕೆಳಗಾದ ಚಿತ್ರ ಮೂಡಿಸುತ್ತದೆ, ಕಣ್ಣಿನ ಹತ್ತಿರದ ಲೆನ್ಸ್ ಅದನ್ನು ಹಿಗ್ಗಿಸುತ್ತದೆ. ಆದರೆ ಚಿತ್ರದ ಅಂಚಿನಿಂದ ಬರುವ ಬೆಳಕು ಆ ಪುಟ್ಟ ಲೆನ್ಸಿಗೆ ಸಿಗದೆ ಪಕ್ಕಕ್ಕೆ ಹೋಗಿಬಿಡುತ್ತದೆ. ಫೀಲ್ಡ್ ಲೆನ್ಸ್ ಅದನ್ನು ಒಳಕ್ಕೆ ಬಗ್ಗಿಸುತ್ತದೆ. ಸುಮ್ನೆ ಅದನ್ನು ತೆಗೆದು ನೋಡಿ: ವಸ್ತು ಇನ್ನೂ ದೊಡ್ಡದಾಗಿ ಕಾಣುತ್ತದೆ, ಆದರೆ ಕಾಣುವ ಜಾಗ ಚಿಕ್ಕದಾಗುತ್ತದೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಕೂಡ ಹೆಚ್ಚು ಜಾಗ ಒಟ್ಟಿಗೆ ನೋಡಬೇಕಾದಾಗ ಮಾತ್ರ ನಡುವಿನ ಗಾಜು ಹಾಕುತ್ತಿದ್ದ.

ನಿಮ್ಮದು ಡಚ್ ವಿಜ್ಞಾನಿ ಹೈಗನ್ಸ್ ಹೆಸರಿನ ಮಾದರಿಯ ಐಪೀಸ್ ಇರಬಹುದು. ಅದರಲ್ಲಿ ಎರಡೂ ಲೆನ್ಸುಗಳ ಚಪ್ಪಟೆ ಮುಖ ಕಣ್ಣಿನ ಕಡೆಗೇ ಇರಬೇಕು. ನಾನೊಮ್ಮೆ ಒರೆಸಿ ವಾಪಸ್ ಹಾಕುವಾಗ ಫೀಲ್ಡ್ ಲೆನ್ಸನ್ನು ತಿರುಗಿಸಿ ಕೂರಿಸಿದ್ದೆ. ನಡುವೆ ಸರಿಯಾಗಿಯೇ ಕಾಣುತ್ತಿತ್ತು, ಅಂಚೆಲ್ಲ ಕಲಸಿದ ಹಾಗೆ. ಸಂಜೆಯೆಲ್ಲ ಪಾಪದ ಆಬ್ಜೆಕ್ಟಿವನ್ನು ಬೈದುಕೊಂಡೆ! ಗೊತ್ತಾಗದಿದ್ದರೆ ಲೆನ್ಸನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಚಪ್ಪಟೆ ಮುಖದಲ್ಲಿ ಟ್ಯೂಬ್ ಕನ್ನಡಿಯಲ್ಲಿ ಕಂಡಂತೆ ನೇರವಾಗಿ ಕಾಣುತ್ತದೆ, ಉಬ್ಬಿನಲ್ಲಿ ಕುಗ್ಗಿ ಬಾಗಿರುತ್ತದೆ. ಎರಡು ಲೆನ್ಸುಗಳ ನಡುವೆ ತೂತಿರುವ ಒಂದು ಬಿಲ್ಲೆ ಇರುತ್ತದೆ, ಅದನ್ನು ಕಳೆದುಕೊಳ್ಳಬೇಡಿ.

ಇನ್ನು ಚಿತ್ರದ ಅಂಚಿನಲ್ಲಿ ನೀಲಿ-ಕೆಂಪು ಬಣ್ಣ ಕಾಣುತ್ತದೆ ಅಂತಲೂ ಕೇಳಿದ್ದೀರಲ್ಲ, ಅದರ ವಿಷಯ. ಗಾಜು ಕೆಂಪಿಗಿಂತ ನೀಲಿ ಬೆಳಕನ್ನು ಜಾಸ್ತಿ ಬಗ್ಗಿಸುತ್ತದೆ. ಹಾಗಾಗಿ ಆಬ್ಜೆಕ್ಟಿವ್ ಬರೀ ಒಂದೇ ಗಾಜಿನದ್ದಾದರೆ ಬಣ್ಣ ಬಂದೇ ಬರುತ್ತದೆ, ಅದು ಕೆಟ್ಟಿದೆ ಅಂತಲ್ಲ. ಕ್ರೌನ್ ಎಂಬ ಬಗೆಯ ಗಾಜಿನ ಉಬ್ಬು ಲೆನ್ಸಿಗೆ ಫ್ಲಿಂಟ್ ಎಂಬ ಇನ್ನೊಂದು ಬಗೆಯ ಗಾಜಿನ ತಗ್ಗು ಲೆನ್ಸ್ ಜೋಡಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಇಂಥ ಜೋಡಿಗಳನ್ನು ಎಷ್ಟೆಷ್ಟು ದೂರದಲ್ಲಿ ಇಟ್ಟರೆ ಚಿತ್ರ ಮಸುಕಾಗುವುದಿಲ್ಲ ಅಂತ ಇಂಗ್ಲೆಂಡಿನ ಜೋಸೆಫ್ ಜಾಕ್ಸನ್ ಲಿಸ್ಟರ್ 1830ರಲ್ಲಿ ತೋರಿಸಿಕೊಟ್ಟರು. ಆಬ್ಜೆಕ್ಟಿವ್ ಎರಡು-ಮೂರು ತುಂಡಾಗಿ ಬಿಚ್ಚಿಕೊಂಡರೆ ಯಾವುದರ ಮೇಲೆ ಯಾವುದಿತ್ತು ಅಂತ ಗುರುತು ಹಾಕಿಕೊಳ್ಳಿ.

ಆ ಜೋಡಿಗಳನ್ನು ಅಂಟಿಸಿರುವುದು ಸಾಮಾನ್ಯವಾಗಿ ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ. ಸ್ಪಿರಿಟ್‌ನಲ್ಲಿ ಅದ್ದಿದರೆ ಅದು ಬಿಟ್ಟುಕೊಳ್ಳಬಹುದು. ಅಂಟು ಸ್ವಲ್ಪ ಹಳದಿಯಾಗಿದ್ದರೆ ಹಾಗೇ ಬಿಡಿ, ನೋಡುವುದಕ್ಕೆ ಅಷ್ಟೇನೂ ಅಡ್ಡಿಯಾಗುವುದಿಲ್ಲ.